ಮಳೆಗಾಲದಲ್ಲಿ ಮನೆಯೊಳಗಿನ ಲೋಳೆಸರ

ಮೈಸೂರಿನಲ್ಲಿ ಆಷಾಢದ ಜಿಟಿಜಿಟಿ ಶುರುವಾಗಿದೆ. ಮನೆಯೊಳಗೆ ಲೋಳೆಸರ ಇಟ್ಟಿರುವವರು ದಯವಿಟ್ಟು ನೀರು ಕಡಿಮೆ ಮಾಡಿ. ಈ ಗಿಡ ಒಣಗಿ ಸಾಯುವುದು ಅಪರೂಪ, ಬೇರು ಕೊಳೆತು ಸಾಯುವುದೇ ಜಾಸ್ತಿ. ಎಲೆಯಲ್ಲೇ ನೀರು ತುಂಬಿಟ್ಟುಕೊಂಡಿರುತ್ತದೆ, ಅಲ್ವಾ?

ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ. ತಣ್ಣಗಿದ್ದು ಮಣ್ಣು ಬೆರಳಿಗೆ ಅಂಟಿದರೆ ನೀರು ಬೇಡ. ಪೂರ್ತಿ ಒಣಗಿದ ಮೇಲೆ ತಳದ ತೂತಿನಿಂದ ಇಳಿಯುವಷ್ಟು ಹಾಕಿ. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿಬಿಡಿ.

ಬುಡದ ಎಲೆ ಮೆತ್ತಗಾಗಿ, ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಕೈಗೇ ಬರುವಂತಿದೆಯೇ? ಬೇರು ಕೊಳೆಯುತ್ತಿದೆ. ಗಿಡ ಕಿತ್ತು, ಕಪ್ಪಾದ ಬೇರು ಕತ್ತರಿಸಿ, ಒಂದೆರಡು ದಿನ ನೆರಳಲ್ಲಿ ಆರಲು ಬಿಟ್ಟು ಹೊಸ ಮಣ್ಣಿಗೆ ನೆಡಿ. ನಮ್ಮ ಕೆಂಪು ಮಣ್ಣು ಒಂದನ್ನೇ ತುಂಬಿದರೆ ಕುಂಡದಲ್ಲಿ ಗಟ್ಟಿಯಾಗಿಬಿಡುತ್ತದೆ. ಅರ್ಧದಷ್ಟು ದಪ್ಪ ಮರಳೋ ಇಟ್ಟಿಗೆ ಚೂರೋ ಸೇರಿಸಿ. ಕುಂಡ ಮಣ್ಣಿನದೇ ಒಳ್ಳೆಯದು, ಬೇಗ ಒಣಗುತ್ತದೆ.

ಜಾಗಕ್ಕೆ ಪೂರ್ವದ ಕಿಟಕಿ ಸಾಕು. ಎಲೆ ಸಣಕಲಾಗಿ ಉದ್ದ ಬೆಳೆದು ಬಾಗಿದರೆ ಬೆಳಕು ಸಾಲುತ್ತಿಲ್ಲ. ಹಾಗಂತ ಒಮ್ಮೆಲೇ ತಾರಸಿ ಬಿಸಿಲಿಗೆ ಇಡಬೇಡಿ, ಎಲೆ ಸುಟ್ಟಂತಾಗುತ್ತದೆ.

ಮುಖಕ್ಕೆ ಹಚ್ಚಲು ಎಲೆ ಕೊಯ್ಯುವವರಿಗೆ ಒಂದು ಮಾತು. ಕತ್ತರಿಸಿದ ಕಡೆ ಹಳದಿ ರಸ ಇಳಿಯುತ್ತದಲ್ಲ, ಅದು ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಹೊಟ್ಟೆಗೆ ಹೋದರೆ ಭೇದಿ. ಎಲೆಯನ್ನು ಸ್ವಲ್ಪ ಹೊತ್ತು ನೆಟ್ಟಗೆ ನಿಲ್ಲಿಸಿ ರಸ ಇಳಿಸಿ, ತೊಳೆದು, ಒಳಗಿನ ಲೋಳೆ ಮಾತ್ರ ತೆಗೆದುಕೊಳ್ಳಿ. ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ಕುಂಡ ಅವುಗಳ ಬಾಯಿಗೆ ಎಟುಕದ ಕಡೆ ಇರಲಿ.