ಸೆಮಿ ಅಕೌಸ್ಟಿಕ್ ಗಿಟಾರಿನ ಒಳಗೆ ಯಾವ ಪಿಕಪ್ ಇದೆ: ನಾನು ಗುರುತಿಸುವ ಬಗೆ

ಹುಬ್ಬಳ್ಳಿಯಲ್ಲಿ ಬದಿಗೆ ಇಕ್ಯೂ ಪೆಟ್ಟಿಗೆ (ಧ್ವನಿಯನ್ನು ಹೆಚ್ಚಿಸಿ ಹೊಂದಿಸುವ ಪ್ರೀಆಂಪ್) ಕೂಡಿಸಿದ ಗಿಟಾರಿಗೆಲ್ಲ ‘ಸೆಮಿ’ ಅಂತಲೇ ಹೆಸರು. ಕೊಳ್ಳುವವರು ನೋಡುವುದೂ ಆ ಪೆಟ್ಟಿಗೆಯನ್ನೇ: ಗುಂಡಿಗಳೆಷ್ಟು, ಟ್ಯೂನರ್ ಇದೆಯೋ ಇಲ್ಲವೋ. ಆದರೆ ತಂತಿಯ ನಡುಕವನ್ನು ಹಿಡಿಯುವ ವಸ್ತು, ಅಂದರೆ ಪಿಕಪ್, ಬೇರೆ ಕಡೆ ಅಡಗಿರುತ್ತದೆ. ಧ್ವನಿ ಚೆನ್ನಾಗಿ ಬರುವುದು, ಬರದಿರುವುದು ನಿರ್ಧಾರವಾಗುವುದು ಅಲ್ಲಿ, ಮತ್ತು ಅದು ಕೂತ ಮರದಲ್ಲಿ. ರಿಪೇರಿಗೆ ಬಂದದ್ದಿರಲಿ, ಹಳೆಯದನ್ನು ಕೊಳ್ಳುವುದಿರಲಿ, ಪೆಟ್ಟಿಗೆಯ ಮೇಲಿನ ಹೆಸರನ್ನು ಬದಿಗಿಟ್ಟು ನಾನು ಕೆಳಗಿನಂತೆ ಪರೀಕ್ಷಿಸುತ್ತೇನೆ.

ಮೊದಲಿಗೆ ಏನನ್ನೂ ಬಿಚ್ಚುವುದು ಬೇಡ. ಆಂಪ್‌ನ ವಾಲ್ಯೂಮ್ ತೀರ ಕಡಿಮೆ ಇಟ್ಟು ಕೇಬಲ್ ಚುಚ್ಚುತ್ತೇನೆ. ಪೀಜೋ ಪಿಕಪ್‌ಗೆ (ಒತ್ತಡವನ್ನು ವಿದ್ಯುತ್ತಾಗಿಸುವ ಹರಳಿನದು) ಪೆಟ್ಟು ಬಿದ್ದರೆ ಒಮ್ಮೆಲೇ ದೊಡ್ಡ ವೋಲ್ಟೇಜ್ ಹೊರಡುತ್ತದೆ, ಸ್ಪೀಕರ್‌ಗೆ ಅದು ಒಳ್ಳೆಯದಲ್ಲ. ಎಡಗೈಯಿಂದ ಆರೂ ತಂತಿಗಳನ್ನು ಮುಚ್ಚಿ ಹಿಡಿದು, ಬಲಗೈಯ ಗೆಣ್ಣಿನಿಂದ ಮೂರು ಕಡೆ ಮೆಲ್ಲಗೆ ಬಡಿಯುತ್ತೇನೆ: ಬ್ರಿಜ್ (ತಂತಿಗಳ ಬುಡ ಸಿಕ್ಕಿಸುವ ಮರದ ತುಂಡು) ಮೇಲೆ, ಬ್ರಿಜ್‌ನ ಹಿಂದೆ ಟಾಪ್ (ಮುಂದಿನ ಹಲಗೆ) ಮೇಲೆ, ಫಿಂಗರ್‌ಬೋರ್ಡಿನ ಕೊನೆಯಲ್ಲಿ. ಬ್ರಿಜ್ ಮೇಲೆ ‘ಟಕ್’ ಎಂದು ಜೋರಾಗಿ ಕೇಳಿ, ಟಾಪ್ ಮೇಲೆ ಸಾಕಷ್ಟು ಕಡಿಮೆಯಾದರೆ ಸ್ಯಾಡಲ್ (ಬ್ರಿಜ್‌ನಲ್ಲಿ ತಂತಿಗಳನ್ನು ಹೊರುವ ತೆಳು ಪಟ್ಟಿ) ಕೆಳಗಿನ ಪೀಜೋ. ಟಾಪ್‌ನ ಯಾವ ಕಡೆ ಬಡಿದರೂ ‘ಧಬ್’ ಎಂದು ತುಂಬು ಸದ್ದು ಬಂದರೆ ಒಳಗೆ ಅಂಟಿಸಿದ ಕಾಂಟ್ಯಾಕ್ಟ್ ಪಿಕಪ್. ಎಲ್ಲಿ ಬಡಿದರೂ ಸದ್ದಿಲ್ಲ, ತಂತಿ ಮೀಟಿದರೆ ಮಾತ್ರ ಕೇಳುತ್ತದೆ ಎಂದರೆ ಮ್ಯಾಗ್ನೆಟಿಕ್ (ಆಯಸ್ಕಾಂತದ್ದು). ಸೌಂಡ್‌ಹೋಲ್ (ಟಾಪ್‌ನ ದುಂಡು ತೂತು) ಹತ್ತಿರ ಬಾಯಿಟ್ಟು ಮಾತಾಡಿದಾಗ ಆಂಪ್‌ನಲ್ಲಿ ಮಾತು ಸ್ಪಷ್ಟವಾಗಿ ಕೇಳಿದರೆ ಒಳಗೆ ಮೈಕ್ ಇದೆ. ಎರಡನ್ನು ಬೆರೆಸುವ ಬ್ಲೆಂಡ್ ಗುಂಡಿ ಇದ್ದರೆ ಅದನ್ನು ಎರಡೂ ತುದಿಗೆ ತಿರುಗಿಸಿ ಬೇರೆಬೇರೆಯಾಗಿ ಬಡಿದು ನೋಡಬೇಕು.

ಈ ಪರೀಕ್ಷೆಗೆ ಅಪವಾದವೂ ಇದೆ. ಎಲ್.ಆರ್. ಬ್ಯಾಗ್ಸ್ ಕಂಪನಿಯ ಎಂ1 ಸೌಂಡ್‌ಹೋಲಿನಲ್ಲಿ ಕೂರುವ ಮ್ಯಾಗ್ನೆಟಿಕ್ ಪಿಕಪ್ಪೇ ಆದರೂ ಮೈಗೆ ಬಡಿದ ಸದ್ದನ್ನೂ ಹಿಡಿಯುತ್ತದೆ. ಸಂಶಯ ಬಂದರೆ ಸಣ್ಣ ಸ್ಕ್ರೂಡ್ರೈವರಿನ ತುದಿಯನ್ನು ಪಿಕಪ್ ಹತ್ತಿರ ಒಯ್ಯಿರಿ. ಆಯಸ್ಕಾಂತ ಸೆಳೆದರೆ ಮ್ಯಾಗ್ನೆಟಿಕ್. ಅಂಥ ಪಿಕಪ್‌ನಲ್ಲಿ ಕಂಚು ಸುತ್ತಿದ ತಂತಿಗಳು ಮೆತ್ತಗೆ, ಸುತ್ತಿಲ್ಲದ ಎರಡನೇ ತಂತಿ ಜೋರಾಗಿ ಕೇಳುವುದು ಸಹಜ. ಕಂಚನ್ನು ಆಯಸ್ಕಾಂತ ಗುರುತಿಸುವುದಿಲ್ಲ, ಒಳಗಿನ ಉಕ್ಕಿನ ಎಳೆಯನ್ನಷ್ಟೇ ಗುರುತಿಸುತ್ತದೆ. ನೈಲಾನ್ ತಂತಿಯ ಗಿಟಾರಿಗೆ ಇದನ್ನು ಹಾಕಿಸಿ ದುಡ್ಡು ಕಳೆಯಬೇಡಿ.

ತಂತಿ ಮೀಟಿದರೂ ಸದ್ದೇ ಬರದಿದ್ದರೆ ಮಲ್ಟಿಮೀಟರ್. ಪಿಕಪ್ ವೈರನ್ನು ಪ್ರೀಆಂಪ್‌ನಿಂದ ಬಿಡಿಸಿ (ಅಗ್ಗದವುಗಳಲ್ಲಿ ಸಾಮಾನ್ಯವಾಗಿ 2.5 ಮಿ.ಮೀ. ಪಿನ್ ಇರುತ್ತದೆ) ಓಮ್ಸ್‌ನಲ್ಲಿ ಅಳೆಯಿರಿ. ಮ್ಯಾಗ್ನೆಟಿಕ್ ಕಾಯಿಲ್ ಕೆಲವು ಸಾವಿರ ಓಮ್ಸ್ ತೋರಿಸುತ್ತದೆ. ಪೀಜೋ ಏನನ್ನೂ ತೋರಿಸುವುದಿಲ್ಲ, ತೋರಿಸಬಾರದು. ಸೊನ್ನೆಯ ಹತ್ತಿರ ಬಂದರೆ ವೈರಿನ ಒಳಗಿನ ಎಳೆ ಶೀಲ್ಡ್‌ಗೆ (ಹೊರಗಿನ ಹೆಣಿಗೆಗೆ) ತಾಗಿದೆ. ಪೀಜೋಗೆ ಕೆಪಾಸಿಟೆನ್ಸ್ ಅಳೆಯಬೇಕು: ಸ್ಯಾಡಲ್ ಕೆಳಗಿನದ್ದು ಹಲವು ನೂರು ಪೈಕೋಫ್ಯಾರಡ್‌ನಿಂದ ಒಂದೆರಡು ನ್ಯಾನೋಫ್ಯಾರಡ್ ತನಕ, ಬಜರ್‌ನಲ್ಲಿ ಬರುವ 27 ಮಿ.ಮೀ. ಹಿತ್ತಾಳೆ ಡಿಸ್ಕ್ ಇಪ್ಪತ್ತರ ಆಸುಪಾಸು ನ್ಯಾನೋಫ್ಯಾರಡ್. ಏನೂ ಬರದಿದ್ದರೆ ವೈರ್ ತುಂಡಾಗಿದೆ.

ಇನ್ನು ಬಿಚ್ಚುವುದು. 12-53 ದಪ್ಪದ ಸೆಟ್ಟಿನ ಆರು ತಂತಿ ಸೇರಿ ಸುಮಾರು 70 ಕೆ.ಜಿ. ಎಳೆಯುತ್ತವೆ, ಒಂದೊಂದಾಗಿ ಕತ್ತರಿಸದೆ ಎಲ್ಲವನ್ನೂ ಸಮನಾಗಿ ಸಡಿಲಿಸಿ. ಸ್ಯಾಡಲ್ ಎತ್ತಿದಾಗ ಅದು ಕೂರುವ ಸ್ಲಾಟ್‌ನ ಒಂದು ತುದಿಯಲ್ಲಿ ಸುಮಾರು 3 ಮಿ.ಮೀ. ತೂತು ಕಂಡರೆ ಪಿಕಪ್‌ನ ಬಾಲ ಒಳಗಿಳಿಯುವ ದಾರಿ ಅದೇ. ಅಗ್ಗದ ಗಿಟಾರುಗಳಲ್ಲಿ ಸ್ಲಾಟ್‌ನೊಳಗೆ ಗಡುಸಾದ ಕಡ್ಡಿ ಸಿಗುತ್ತದೆ, ಒಳಗೆ ತಂತಿಗೊಂದರಂತೆ ಆರು ಹರಳು. ಹೆಣೆದ ತಾಮ್ರದ ದಾರದಂತೆ ಬಳುಕುವುದು ಇನ್ನೊಂದು ಬಗೆ, ಚಪ್ಪಟೆ ಪಟ್ಟಿ ಮತ್ತೊಂದು. ಹರಳಿನ ಕಡ್ಡಿಯನ್ನು ಬದಲಿಸುವಾಗ ಉದ್ದ ನೋಡಿದರೆ ಸಾಲದು. ಹರಳುಗಳ ನಡುವಿನ ಅಂತರ ನಿಮ್ಮ ತಂತಿಗಳ ಅಂತರಕ್ಕೆ ಬರೋಬ್ಬರಿ ಕೂಡಬೇಕು. ಇಲ್ಲವಾದರೆ ಒಂದನೇ ಅಥವಾ ಆರನೇ ತಂತಿ ಹರಳಿನಿಂದ ಹೊರಗೆ ಬಿದ್ದು ಮೂಕಾಗುತ್ತದೆ. ಕಡ್ಡಿಯನ್ನು ಬಗ್ಗಿಸಿದರೆ ಹರಳು ಒಡೆಯುತ್ತದೆ, ಆಮೇಲೆ ರಿಪೇರಿ ಇಲ್ಲ.

ಸ್ಯಾಡಲ್ ಕೆಳಗೆ ಏನೂ ಇಲ್ಲದಿದ್ದರೆ ಸೌಂಡ್‌ಹೋಲಿನಲ್ಲಿ ಹಲ್ಲಿನ ಡಾಕ್ಟರ ಕನ್ನಡಿಯನ್ನೂ ಸಣ್ಣ ಟಾರ್ಚನ್ನೂ ಇಳಿಸಿ ಬ್ರಿಜ್ ಪ್ಲೇಟ್ (ಬ್ರಿಜ್‌ನ ಅಡಿ ಒಳಗಡೆ ಅಂಟಿಸಿದ ಹಲಗೆ) ನೋಡುತ್ತೇನೆ. ಕೆ ಅಂಡ್ ಕೆ ಕಂಪನಿಯ ಪ್ಯೂರ್ ಮಿನಿಯಾದರೆ ಮೂರು ಸಣ್ಣ ಡಿಸ್ಕ್‌ಗಳು ಅಂಟಿರುತ್ತವೆ, ಅದಕ್ಕೆ ಸೆಲ್ ಬೇಡ. ತಾಕಮೀನೆ ಗಿಟಾರುಗಳ ಪ್ಯಾಲಥೆಟಿಕ್ ಪಿಕಪ್‌ನಲ್ಲಿ ಆರು ಹರಳುಗಳು ಕೆಳಗಿನಿಂದ ಬ್ರಿಜ್‌ನೊಳಕ್ಕೆ ಏರಿರುತ್ತವೆ. ಅದನ್ನು ಸಾಮಾನ್ಯ ಪಟ್ಟಿಯಿಂದ ಬದಲಿಸಲಾಗದು. ಟೇಲರ್ ಗಿಟಾರಿಗೆ ಕನ್ನಡಿಯೂ ಬೇಡ: 2014ರಲ್ಲಿ ಬಂದ ಇಎಸ್2 ಪಿಕಪ್‌ನಲ್ಲಿ ಸೆನ್ಸರ್‌ಗಳು ಸ್ಯಾಡಲ್‌ನ ಹಿಂದೆ ಇರುವುದರಿಂದ ಬ್ರಿಜ್ ಮೇಲೆ ಮೂರು ಅಲೆನ್ ಸ್ಕ್ರೂ ಕಾಣುತ್ತವೆ. ಅವನ್ನು ಸುಮ್ಮನೆ ತಿರುವಬೇಡಿ, ಸೆನ್ಸರ್ ಸ್ಯಾಡಲ್‌ಗೆ ಎಷ್ಟು ಒತ್ತಬೇಕೆಂಬುದು ಅವುಗಳ ಮೇಲಿದೆ.

ನನ್ನ ಬಳಿ ಬರುವ ದೂರುಗಳಲ್ಲಿ ಹೆಚ್ಚಿನವು ಒಂದೇ: ‘ಪ್ಲಗ್ ಹಾಕಿದರೆ ಎರಡು ತಂತಿ ಕೇಳುವುದಿಲ್ಲ.’ ಪಿಕಪ್ ಕೆಟ್ಟಿರುವುದು ಅಪರೂಪ. ತಪ್ಪು ಸ್ಯಾಡಲ್‌ನ ತಳದಲ್ಲಿರುತ್ತದೆ. ತಂಬೂರಿಯ ಕುದುರೆಯ ಮೇಲೆ ಜವಾರಿ (ಝೇಂಕಾರ) ಹುಟ್ಟಲು ತಂತಿ ಅಗಲವಾದ ಬೆನ್ನನ್ನು ಸವರಬೇಕು ಎಂಬುದು ಧಾರವಾಡದವರಿಗೆ ಗೊತ್ತು. ಗಿಟಾರಿನಲ್ಲಿ ಮೇಲೆ ಸಣ್ಣ ಏಣು, ಕೆಳಗೆ ಕನ್ನಡಿಯಂಥ ಸಪಾಟು ತಳ ಬೇಕು. ಕೈಯಲ್ಲಿ ಹಿಡಿದು ಅರದಿಂದ ಉಜ್ಜಿದ ಸ್ಯಾಡಲ್‌ನ ತಳ ಗುಂಡಾಗುತ್ತದೆ. ನಡುವಿನ ತಂತಿಗಳು ಒತ್ತುತ್ತವೆ, ತುದಿಯವು ತೇಲುತ್ತವೆ. ಗಾಜಿನ ತುಂಡಿನ ಮೇಲೆ 220ರ ಸ್ಯಾಂಡ್ ಪೇಪರ್ ಅಂಟಿಸಿ, ಸ್ಯಾಡಲನ್ನು ಚೌಕ ಮರದ ತುಂಡಿಗೆ ಒತ್ತಿ ನೆಟ್ಟಗೆ ಹಿಡಿದು ಉಜ್ಜಿ, ಕೊನೆಗೆ 400. ತಳಕ್ಕೆ ಪೆನ್ಸಿಲ್ ಗೀರು ಹಾಕಿಕೊಂಡರೆ ಅವು ಉದ್ದಕ್ಕೂ ಒಟ್ಟಿಗೆ ಅಳಿಸಿದಾಗ ಕೆಲಸ ಮುಗಿದಂತೆ. ಸ್ಲಾಟ್‌ನೊಳಗಿನ ಮರದ ಪುಡಿಯನ್ನು ಒಣ ಬ್ರಷ್‌ನಿಂದ ತೆಗೆಯಿರಿ. ಸ್ಯಾಡಲ್ ವಾಲಬಾರದು, ಆದರೆ ಬೆರಳಲ್ಲಿ ಎಳೆದರೆ ಬರಬೇಕು. ಬಿಗಿಯಾದರೆ ಒತ್ತಡ ಗೋಡೆಗೆ ಹೋಗುತ್ತದೆ, ಪಿಕಪ್‌ಗೆ ತಲುಪುವುದಿಲ್ಲ. ಹೊಸದಾಗಿ ಪಿಕಪ್ ಇಡುವಾಗ ಅದರ ದಪ್ಪದಷ್ಟೇ ತಳವನ್ನು ಇಳಿಸಬೇಕು. ತಂತಿಯ ಎತ್ತರ ಸರಿಪಡಿಸುವುದಿದ್ದರೆ ಲೆಕ್ಕ ಸುಲಭ: 12ನೇ ಫ್ರೆಟ್‌ನಲ್ಲಿ ಅರ್ಧ ಮಿ.ಮೀ. ಇಳಿಯಲು ಸ್ಯಾಡಲ್‌ನಿಂದ ಒಂದು ಮಿ.ಮೀ. ಹೋಗಬೇಕು. ಮೆತ್ತಗಿನ ತಂತಿಯ ಕೆಳಗೆ ಕಾಗದ ಮಡಚಿ ತುರುಕುವ ಉಪಾಯ ಕಾರ್ಯಕ್ರಮದ ರಾತ್ರಿಗೆ ಸಾಕು, ಅದರಾಚೆ ಬೇಡ.

ಉಜ್ಜುವ ಮೊದಲು ಯಾವ ತಿಂಗಳು ಎಂದು ನೋಡಿ. ಧಾರವಾಡದ ಮಳೆಗಾಲದಲ್ಲಿ ಟಾಪ್ ತೇವ ಹೀರಿ ಉಬ್ಬುತ್ತದೆ. ಸ್ಲಾಟ್‌ನ ನೆಲವೂ ನಡುವೆ ಏರಿದರೆ ಎರಡೂ ತುದಿಯ ತಂತಿಗಳು ಸೊರಗುತ್ತವೆ. ಗದಗಿನ ಏಪ್ರಿಲ್ ಬಿಸಿಲಿಗೆ ಟಾಪ್ ಒಣಗಿ ತಗ್ಗುತ್ತದೆ, ನೆಲ ನಡುವೆ ಕುಸಿದರೆ ಮೂರು-ನಾಲ್ಕನೇ ತಂತಿಗಳಿಗೆ ಆ ಪಾಡು. ಜುಲೈಯಲ್ಲಿ ಉಜ್ಜಿ ಸರಿಮಾಡಿದ್ದು ಏಪ್ರಿಲ್‌ನಲ್ಲಿ ಮತ್ತೆ ಕೆಡುತ್ತದೆ. ಗಿಟಾರನ್ನು ಕೇಸಿನಲ್ಲಿ ಶೇ. 45-55ರ ತೇವಾಂಶದಲ್ಲಿ ಕೆಲವು ದಿನ ಇಟ್ಟು ಆಮೇಲೆ ಕೈಹಾಕುವುದು ಒಳ್ಳೆಯದು. ಬಳುಕುವ ದಾರದ ಪಿಕಪ್ ಈ ಏರಿಳಿತಕ್ಕೆ ಹೊಂದಿಕೊಳ್ಳುತ್ತದೆ, ಗಡುಸು ಕಡ್ಡಿ ಹೊಂದಿಕೊಳ್ಳುವುದಿಲ್ಲ.

ಮರ ಗುರುತಿಸುವುದಕ್ಕೆ ಬಡಿದು ಕೇಳುವ ವಿಧಾನವನ್ನು ನಾನು ನಂಬುವುದಿಲ್ಲ. ಸೌಂಡ್‌ಹೋಲಿನ ಅಂಚು ನೋಡಿ: ಟಾಪ್ ಮೇಲಿನ ಗೆರೆಗಳು ಅಂಚಿನ ದಪ್ಪದಲ್ಲೂ ಮುಂದುವರಿದು ಕೆಳಕ್ಕೆ ಇಳಿದರೆ ಸಾಲಿಡ್ (ಒಂದೇ ಪದರದ ಮರ); ಮೂರು ಪದರ ಕಂಡರೆ ಪ್ಲೈವುಡ್. ಅಂಚಿಗೆ ಕಪ್ಪು ಬಣ್ಣ ಬಳಿದಿದ್ದರೆ ಸಣ್ಣ ಸಂಶಯ ಇಟ್ಟುಕೊಳ್ಳಿ. ಬೆನ್ನಿಗೆ, ಹೊರಗಿನ ಒಂದು ಗಂಟು ಅಥವಾ ಗೆರೆಯನ್ನು ಗುರುತಿಟ್ಟುಕೊಂಡು ಒಳಗೂ ಅದೇ ಜಾಗದಲ್ಲಿ ಇದೆಯೇ ನೋಡಿ. ಬದಿಗಂತೂ ಸೆಮಿಯಲ್ಲಿ ತೆರೆದ ಕಿಟಕಿಯೇ ಇದೆ: ಪ್ರೀಆಂಪ್‌ನ ಸ್ಕ್ರೂ ತೆಗೆದರೆ ಕೊರೆದ ಅಂಚು ಎದುರಿಗೆ. ಆ ತೂತಿನ ಮೂಲೆಗಳಿಂದ ಎಳೆಯ ದಿಕ್ಕಿನಲ್ಲಿ ಬಿರುಕು ಹೊರಟಿದೆಯೇ ಎಂದು ಆಗಲೇ ನೋಡಿಬಿಡಿ. ಕನ್ನಡಿಯಲ್ಲಿ ಕಟ್ಟುಗಳನ್ನೂ (ಟಾಪ್‌ಗೆ ಒಳಗಿನಿಂದ ಅಂಟಿಸಿದ ಮರದ ಪಟ್ಟಿಗಳು) ಗಮನಿಸಿ: ಉಕ್ಕಿನ ತಂತಿಯ ಗಿಟಾರಿಗೆ ಎಕ್ಸ್ ಆಕಾರ ಬೇಕು, ಏಣಿಯ ಮೆಟ್ಟಿಲಂತೆ ಅಡ್ಡ ಪಟ್ಟಿಗಳಿದ್ದರೆ ಬ್ರಿಜ್‌ನ ಹಿಂದೆ ಟಾಪ್ ಏಳುವುದು ಬೇಗ. ಬ್ರಿಜ್ ಮೇಲೆ ಎರಡು ಬಿಳಿ ಚುಕ್ಕೆ ಇದ್ದರೆ ಕೆಳಗೆ ಬೋಲ್ಟ್ ಇರುವ ಸಾಧ್ಯತೆ ಹೆಚ್ಚು, ಬರೀ ಶಾಖ ಕೊಟ್ಟು ಎತ್ತಲು ಹೋದರೆ ಮರ ಹರಿಯುತ್ತದೆ. ಬೆನ್ನು ಗುಂಡಗಿದ್ದು ಸಿಂಥೆಟಿಕ್ ಆಗಿದ್ದರೆ 1966ರಲ್ಲಿ ಶುರುವಾದ ಓವೇಷನ್‌ನ ವಂಶ. ಅಲ್ಲಿ ಟಾಪ್ ಒಂದನ್ನೇ ಪರೀಕ್ಷಿಸಿದರಾಯಿತು.

ಗಣೇಶ ಪೆಂಡಾಲಿನಲ್ಲಿ ಮಾನಿಟರ್ ಎದುರು ನಿಂತು ನುಡಿಸುವ ಆರ್ಕೆಸ್ಟ್ರಾದವರಿಗೆ ನಾನು ಪ್ಲೈ ಟಾಪ್, ಸ್ಯಾಡಲ್ ಪೀಜೋ ಇರುವುದನ್ನೇ ಹೇಳುವುದು. ಸಾಲಿಡ್ ಟಾಪ್ ಮತ್ತು ಒಳ ಮೈಕ್ ರೆಕಾರ್ಡಿಂಗ್‌ಗೆ, ಚರ್ಚಿನ ಶಾಂತ ಸಭೆಗೆ ಚೆಂದ. ಜೋರು ವೇದಿಕೆಯಲ್ಲಿ ಸ್ಪೀಕರಿನ ಸದ್ದನ್ನೇ ಮತ್ತೆ ಹಿಡಿದು ಹೂಂಕರಿಸುತ್ತವೆ (ಫೀಡ್‌ಬ್ಯಾಕ್). ಡ್ರೆಡ್‌ನಾಟ್ (ದೊಡ್ಡ ಮೈಯ ಬಗೆ) ಗಿಟಾರಿನ ಮೈಯೊಳಗಿನ ಗಾಳಿ ಸುಮಾರು 100 ಹರ್ಟ್ಸ್‌ಗೆ ಅನುರಣಿಸುತ್ತದೆ, ಅಂದರೆ ಆರನೇ ತಂತಿಯ ಮೂರನೇ ಫ್ರೆಟ್ (98) ಮತ್ತು ತೆರೆದ ಐದನೇ ತಂತಿಯ (110) ಆಸುಪಾಸು. ಹೂಂಕಾರ ಬಂದರೆ ಮೊದಲು ಫೇಸ್ ಬಟನ್ (ಸಿಗ್ನಲ್ಲನ್ನು ತಲೆಕೆಳಗು ಮಾಡುವುದು) ಒತ್ತಿ ನೋಡಿ, ಆಗದಿದ್ದರೆ ಸೌಂಡ್‌ಹೋಲಿಗೆ ರಬ್ಬರ್ ಮುಚ್ಚಳ, ಆಮೇಲೆ ನಾಚ್ (ಆ ಒಂದು ಸ್ವರವನ್ನಷ್ಟೇ ತಗ್ಗಿಸುವ ಗುಂಡಿ). ಸೆಲ್ ಇಲ್ಲದ ಪೀಜೋವನ್ನು ನೇರ ಮಿಕ್ಸರಿಗೆ ಚುಚ್ಚಿದರೆ ಬಾಸ್ ಸತ್ತು ತಗಡಿನ ಸದ್ದು ಬರುತ್ತದೆ. ಅದಕ್ಕೆ ಕನಿಷ್ಠ 1 ಮೆಗಾ ಓಮ್ ಇನ್‌ಪುಟ್ ಇರುವ ಡಿಐ ಬಾಕ್ಸ್ (ಗಿಟಾರನ್ನು ಮಿಕ್ಸರಿಗೆ ಹೊಂದಿಸುವ ಪೆಟ್ಟಿಗೆ) ಬೇಕು. ಗುಂಯ್ ಎಂಬ ಹಮ್ ಬಂದರೆ ಡಿಐನ ಗ್ರೌಂಡ್ ಲಿಫ್ಟ್ ಒತ್ತಿ, ಆಂಪ್ ಪ್ಲಗ್ಗಿನ ಅರ್ಥ್ ಪಿನ್ನನ್ನು ಮಾತ್ರ ಎಂದೂ ಕೀಳಬೇಡಿ. ಜ್ಯಾಕ್ ಲೋಹವನ್ನು ಮುಟ್ಟಿದಾಗ ಹಮ್ ನಿಂತರೆ ಶೀಲ್ಡ್ ವೈರ್ ಎಲ್ಲೋ ಬಿಟ್ಟಿರಬಹುದು.

ಸೆಮಿಯ ಸ್ಟೀರಿಯೋ ಜ್ಯಾಕ್‌ನಲ್ಲಿ ರಿಂಗ್ (ನಡುವಿನ ಸಂಪರ್ಕ) ಕಾಲಿಗೆ ಸೆಲ್‌ನ ಮೈನಸ್ ಸೇರಿರುತ್ತದೆ. ಮಾಮೂಲಿ ಮೋನೋ ಪಿನ್ ಒಳಗೆ ಹೋದಾಗ ರಿಂಗ್ ಮತ್ತು ಸ್ಲೀವ್ (ಗ್ರೌಂಡ್) ಒಂದಾಗಿ ಪ್ರೀಆಂಪ್ ಆನ್ ಆಗುತ್ತದೆ. ಪಿನ್ ಹಾಕಿಯೇ ಬಿಟ್ಟರೆ ಸೆಲ್ ಸುಮ್ಮನೆ ಇಳಿಯುತ್ತಲೇ ಇರುತ್ತದೆ. 9 ವೋಲ್ಟ್ ಸೆಲ್ ಸುಮಾರು 7ಕ್ಕಿಂತ ಕೆಳಗೆ ಹೋದಾಗ ಧ್ವನಿ ಒಡೆಯತೊಡಗುತ್ತದೆ, ಜೋರಾಗಿ ಹೊಡೆದಾಗ ಮಾತ್ರ ಕರಕರ ಎನ್ನುವುದು ಅದರ ಗುರುತು. ಸ್ಯಾಡಲ್ ಎತ್ತುವ ಮುಂಚೆ ಹೊಸ ಸೆಲ್ ಹಾಕಿ ಒಮ್ಮೆ ಕೇಳಿಬಿಡಿ.