ಮಲಗಿದ ಮಗುವನ್ನು ಎಬ್ಬಿಸಿಯೇ ಸರಿಮಾಡಿದೆ: ಹೊಸ ದೇಶದಲ್ಲಿ ಮಗುವಿನ ನಿದ್ದೆ

"ಮಲಗಿರೋ ಮಗುನ ಯಾರಾದ್ರೂ ಎಬ್ಬಿಸ್ತಾರಾ?" ಅಮ್ಮ, ಅತ್ತೆ, ಪಕ್ಕದ ಮನೆಯವರು, ಎಲ್ಲರೂ ಇದನ್ನೇ ಕೇಳಿದರು. ಈಗ ಮಗು ರಾತ್ರಿ 8ಕ್ಕೆ ಮಲಗುತ್ತದೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಾವು ಊರು ಬಿಟ್ಟು ಪೂರ್ವದ ದೇಶಕ್ಕೆ ಬಂದವರು, ಇಲ್ಲಿ ಗಡಿಯಾರ ಹೆಚ್ಚುಕಮ್ಮಿ 5 ಗಂಟೆ ಮುಂದೆ. ಮಗುವಿಗೆ ಆಗ 8 ತಿಂಗಳಿರಬೇಕು. ರಾತ್ರಿ 1ರವರೆಗೆ ಆಟ, ಬೆಳಗ್ಗೆ 11ರವರೆಗೆ ನಿದ್ದೆ. ಪಶ್ಚಿಮಕ್ಕೆ ಹೋಗುವುದಕ್ಕಿಂತ ಪೂರ್ವಕ್ಕೆ ಬರುವುದೇ ಕಷ್ಟ, ಯಾಕಂದರೆ ತಡವಾಗಿ ಮಲಗುವುದಕ್ಕಿಂತ ಬೇಗ ಮಲಗುವುದಕ್ಕೆ ಮೈ ಒಗ್ಗುವುದು ನಿಧಾನ.

ಮೊದಲು ತಾನಾಗಿಯೇ ಸರಿಹೋಗಲಿ ಅಂತ ಸುಮ್ನೆ ಬಿಟ್ಟೆವು. ಪರದೆ ಹಗಲಲ್ಲೂ ಎಳೆದೇ ಇತ್ತು, ಎರಡು ವಾರ ಹತ್ತಿರ ಬಂದರೂ ಏನೂ ಬದಲಾಗಲಿಲ್ಲ. ಆಮೇಲೆ ಒಂದೇ ಸಲಕ್ಕೆ 7ಕ್ಕೆ ಎಬ್ಬಿಸಿದೆವು. ದಿನವಿಡೀ ಅಳು, ಹಾಲೂ ಬೇಡ, ಸಂಜೆ ಸುಸ್ತಾಗಿ ಮಲಗಿಬಿಟ್ಟು ರಾತ್ರಿ ಮತ್ತೆ ಹುಷಾರು. ಕೊನೆಗೆ ನಿದ್ದೆಯ ಸಲಹೆಗಾರರೊಬ್ಬರಿಗೆ ದುಡ್ಡು ಕೊಟ್ಟೆವು. ಒಂದು ಗಂಟೆಯ ಮಾತಿಗೆ ನಮ್ಮ ಒಂದು ವಾರದ ದಿನಸಿಯಷ್ಟು! ಅವರು ಕಳಿಸಿದ ಚಾರ್ಟಿನಲ್ಲಿ ಈ 5 ಗಂಟೆಯ ಮಾತೇ ಇರಲಿಲ್ಲ. ಆ ದುಡ್ಡಿನ ಹೊಟ್ಟೆಯುರಿ ಇನ್ನೂ ಇದೆ.

ಕೆಲಸಕ್ಕೆ ಬಂದದ್ದು ಇದು. ಮಗು ತಾನಾಗಿ ಏಳುವ ಹೊತ್ತಿಗಿಂತ ಅರ್ಧ ಗಂಟೆ ಮೊದಲು ಎಬ್ಬಿಸಿ ಸೀದಾ ಹೊರಗೆ ಕರೆದುಕೊಂಡು ಹೋಗುವುದು, ಮಾರನೇ ದಿನ ಇನ್ನರ್ಧ ಗಂಟೆ ಮೊದಲು, ಜೊತೆಗೆ ಹಗಲಿನ ನಿದ್ದೆ, ಸ್ನಾನ, ಊಟ ಎಲ್ಲವನ್ನೂ ಅಷ್ಟಷ್ಟೇ ಮುಂಚೆ ತರುವುದು. ಹಟ ಜಾಸ್ತಿಯಾದ ದಿನ ಅದೇ ಹೊತ್ತಿನಲ್ಲಿ ನಿಲ್ಲಿ, ಹಿಂದಕ್ಕೆ ಮಾತ್ರ ಹೋಗಬೇಡಿ. ನಮಗೆ ಒಂದೂವರೆ ವಾರ ಹಿಡಿಯಿತು.

ಬೆಳಕೇ ಇಲ್ಲಿ ಮುಖ್ಯ. ಫೋನಿನಲ್ಲಿ ಅಳೆದೂ ನೋಡಿದೆ. ಎಲ್ಲ ದೀಪ ಹಾಕಿದರೂ ಕೋಣೆಯಲ್ಲಿ 200 ಲಕ್ಸ್ (ಬೆಳಕಿನ ಅಳತೆ) ಆಸುಪಾಸು, ಮೋಡ ಕವಿದ ದಿನ ಹೊರಗೆ 5000 ದಾಟಿತ್ತು. ಅದಕ್ಕೇ ಚಳಿ ಅಂತ ಒಳಗೆ ಕೂರಬೇಡಿ, ಬೆಚ್ಚಗೆ ಸುತ್ತಿ ಹೊರಡಿ. ರಾತ್ರಿ ಹಾಲಿಗೆ ಎದ್ದಾಗ ಮಾತ್ರ ಒಂದು ಮಂಕು ದೀಪ, ಮಾತಿಲ್ಲ, ಆಟವಿಲ್ಲ. ಬೆಳಕು ತಡೆಯುವ ದುಬಾರಿ ಪರದೆ ಬೇಕಾಗಿಲ್ಲ, ಸಾಮಾನು ಬಂದ ರಟ್ಟಿನ ಡಬ್ಬ ಕತ್ತರಿಸಿ ಕಿಟಕಿಗೆ ಅಂಟಿಸಿದೆ. ಬೆಳಗ್ಗೆ ಕಿತ್ತು ತೆಗೆಯುವಂತಿರಲಿ.

ಈ ನಡುವೆ ಇನ್ನೊಂದು ಪ್ರಯೋಗವೂ ಆಯಿತು. ಹೀಟರಿನಿಂದ ಕೋಣೆಯ ತೇವ 25 ಶೇಕಡಕ್ಕೆ ಇಳಿದು ಮಗುವಿನ ಮೂಗು ಕಟ್ಟುತ್ತಿತ್ತು. ಗಾಳಿಗೆ ತೇವ ಸೇರಿಸುವ ಹ್ಯೂಮಿಡಿಫೈಯರ್ ಕೊಳ್ಳುವ ಮೊದಲು ಒಗೆದ ಬಟ್ಟೆಯನ್ನು ಅದೇ ಕೋಣೆಯಲ್ಲಿ ಒಣಗಿಸಿದೆ. 40ರ ಹತ್ತಿರ ಬಂತು, ಮೂಗೂ ಬಿಟ್ಟಿತು, ದುಡ್ಡೂ ಉಳಿಯಿತು. ಆದರೆ ಗೋಡೆ ಒದ್ದೆಯಾಗುವಷ್ಟು ಮಾಡಬೇಡಿ, ಬೂಷ್ಟು ಬರುತ್ತದೆ.

ಮಲಗಿಸುವ ಕೊನೆಯ ಹತ್ತು ನಿಮಿಷ ನಾನೇನು ಮಾಡುತ್ತೇನೆ ಅಂತ ಮಾತ್ರ ಹೇಳಲ್ಲ, ಅದು ನನ್ನ, ಮಗುವಿನ ಗುಟ್ಟು.

ಮುಂದೆ ರಜೆಗೆ ಊರಿಗೆ ಹೋದಾಗ, ಅಂದರೆ ಪಶ್ಚಿಮಕ್ಕೆ, ಇದನ್ನೇ ತಿರುಗಿಸಿದೆ. ಬೆಳಗಿನ ಬದಲು ಸಂಜೆ ಹೊರಗೆ, ಮಲಗುವ ಹೊತ್ತು ದಿನಾ ಸ್ವಲ್ಪ ತಡ. ಅದು ನಾಲ್ಕೈದು ದಿನದಲ್ಲೇ ಮುಗಿಯಿತು, ಅತ್ತೆಯೂ ನೋಡಿದರು.