ಮೇಲಿನ ಹಲ್ಲುಸೆಟ್ಟಿಗೆ ಗಾಜಿನೆಳೆಯ ಬಲ

ಮೇಲ್ದವಡೆಯ ಪೂರ್ತಿ ಹಲ್ಲುಸೆಟ್ ಮುರಿದರೆ ಹೆಚ್ಚಾಗಿ ನಟ್ಟನಡುವೆಯೇ ಮುರಿಯುತ್ತದೆ. ಕಚ್ಚಿದಾಗ ಎರಡೂ ಪಕ್ಕ ಮೇಲಕ್ಕೆ ಒತ್ತುತ್ತವೆ, ನಡುವಿನ ಗಟ್ಟಿ ಅಂಗುಳ ಜಗ್ಗುವುದಿಲ್ಲ. ಅಕ್ರಿಲಿಕ್ ಪ್ಲೇಟು ಬಾಗಿ ಬಾಗಿ ದಣಿಯುತ್ತದೆ. ಎಳೆತ ಬೀಳುವುದು ನಾಲಗೆ ತಾಗುವ ಬದಿಗೆ. ಹಾಗಾಗಿ ಗಾಜಿನೆಳೆ ಆ ಬದಿಗೆ ಹತ್ತಿರ, ಮುಂಬಲ್ಲುಗಳ ಹಿಂದೆ, ನಡುಗೆರೆಗೆ ಅಡ್ಡಲಾಗಿ ಇರಬೇಕು. ಉದ್ದಕ್ಕೆ ಇಟ್ಟರೆ ಪ್ರಯೋಜನವಿಲ್ಲ. ಸ್ಟೀಲ್ ತಂತಿಯನ್ನು ನಾವು ಒಪ್ಪುವುದಿಲ್ಲ: ಅಕ್ರಿಲಿಕ್ ಅದಕ್ಕೆ ಅಂಟುವುದಿಲ್ಲ, ಬಿರುಕು ಅದರ ಪಕ್ಕದಲ್ಲೇ ಹುಟ್ಟುತ್ತದೆ.

ಸೈಲೇನ್ (ಗಾಜು ಅಕ್ರಿಲಿಕ್‌ಗೆ ಅಂಟುವಂತೆ ಮಾಡುವ ರಾಸಾಯನಿಕ) ಲೇಪಿಸಿದ ಎಳೆಯನ್ನೇ ಕೊಳ್ಳಿ. ಮೇಣ ತೆಗೆದ ಫ್ಲಾಸ್ಕಿನಲ್ಲಿ (ಎರಡು ಅರ್ಧಗಳ ಅಚ್ಚುಪೆಟ್ಟಿಗೆ), ಅಕ್ರಿಲಿಕ್ ಅಂಟದಂತೆ ಪ್ಲಾಸ್ಟರಿಗೆ ಮಾತ್ರ ಆಲ್ಜಿನೇಟ್ ದ್ರಾವಣ ಬಳಿಯಿರಿ, ಹಲ್ಲಿಗೆ ತಾಗಿಸಬೇಡಿ. ಹೀಟ್-ಕ್ಯೂರ್ (ಬಿಸಿಯಲ್ಲಿ ಗಟ್ಟಿಯಾಗುವ) ಅಕ್ರಿಲಿಕ್ ಪೌಡರ್ ಮೂರು ಅಳತೆಗೆ ಲಿಕ್ವಿಡ್ ಒಂದು, ಅಂದರೆ 30 ಮಿ.ಲೀ.ಗೆ 10 ಮಿ.ಲೀ. ಕಲಸಿ ಮುಚ್ಚಿಡಿ. ಮೊದಲು ಒದ್ದೆ ಮರಳಿನಂತೆ, ಆಮೇಲೆ ಪಾಕದಂತೆ ಎಳೆ ಬರುತ್ತದೆ. ಬೆರಳಿಗೂ ಜಾಡಿಗೂ ಅಂಟದ ಕಣಕದ ಹದಕ್ಕೆ ಬಂದಾಗ ತುಂಬಿ. ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಈ ಹದ ತಡವಾಗುತ್ತದೆ. ಕಾಯಿರಿ, ಲಿಕ್ವಿಡ್ ಹೆಚ್ಚಿಸಬೇಡಿ; ಹೆಚ್ಚಿದಷ್ಟೂ ಕುಗ್ಗುತ್ತದೆ.

ಕೆಲಸ ಕೆಡುವುದು ಮುಂದಿನ ಹಂತದಲ್ಲೇ. ಒಣ ಎಳೆ ಒಳಗೆ ಹೋದರೆ ಎಳೆಗಳ ನಡುವೆ ಗಾಳಿ ಉಳಿಯುತ್ತದೆ. ಅಲ್ಲಿ ನೀರು ಸೇರುತ್ತದೆ, ಬಲವೂ ಬರುವುದಿಲ್ಲ. ಬರೀ ಲಿಕ್ವಿಡ್‌ನಲ್ಲಿ ಅದ್ದಿದರೂ ಸಾಲದು. ಪೌಡರ್ ಬೆರೆಸಿದ ತೆಳು ಗಂಜಿಯಲ್ಲಿ, ಬಿಳುಪು ಮಾಯವಾಗಿ ಪಾರದರ್ಶಕವಾಗುವವರೆಗೆ ಎಳೆಯನ್ನು ನೆನೆಸಿ. ತುಂಬಿದ ಫ್ಲಾಸ್ಕನ್ನು ನಡುವೆ ಪಾಲಿಥೀನ್ ಹಾಳೆಯಿಟ್ಟು ಒಮ್ಮೆ ಒತ್ತಿ ತೆರೆಯಿರಿ. ಹಲ್ಲಿರುವ ಅರ್ಧದ ಹಿಟ್ಟಿನಲ್ಲಿ ತೋಡು ಮಾಡಿ, ಚಿಮಟದಿಂದ ಎಳೆಯಿಟ್ಟು, ಮೇಲೆ ತೆಳು ಹಿಟ್ಟು ಹೊದಿಸಿ ನಿಧಾನಕ್ಕೆ ಬಿಗಿಯಿರಿ. ಥಟ್ಟನೆ ಒತ್ತಿದರೆ ಎಳೆ ಅಂಚಿಗೆ ಸರಿಯುತ್ತದೆ.

ಫ್ಲಾಸ್ಕನ್ನು 74 ಡಿಗ್ರಿಯ ನೀರಿನಲ್ಲಿ 2 ಗಂಟೆ ಇಟ್ಟು, ನಂತರ 1 ಗಂಟೆ ಕುದಿಸಿ. ನೇರ ಕುದಿನೀರಿಗೆ ಹಾಕಿದರೆ ದಪ್ಪ ಜಾಗದೊಳಗೆ ಮೋನೊಮರ್ (ಕಲಸಿದ ಲಿಕ್ವಿಡ್) ಆವಿಯಾಗಿ ಗುಳ್ಳೆ ನಿಲ್ಲುತ್ತದೆ. ಸುಮಾರು 900 ಮೀಟರ್ ಎತ್ತರದ ಈ ಊರಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಥರ್ಮಾಮೀಟರ್ 100 ಮುಟ್ಟದಿದ್ದರೆ ಗಾಬರಿ ಬೇಡ. ಹೊರಗೆ 30 ನಿಮಿಷ ತಣಿಸಿ, ಬಳಿಕ 15 ನಿಮಿಷ ತಣ್ಣೀರಿನಲ್ಲಿಡಿ. ಅವಸರ ಮಾಡಿದರೆ ಪ್ಲೇಟು ಸೊಟ್ಟಗಾಗುತ್ತದೆ.

ತುಟಿಯ ನಡುದಾರಕ್ಕೆ (ಮೇಲ್ದುಟಿಯನ್ನು ವಸಡಿಗೆ ಸೇರಿಸುವ ತೆಳು ಮಡಿಕೆ) ಬಿಡುವ ಕಚ್ಚನ್ನು ಚೂಪಾಗಿ ಬಿಡದೆ ದುಂಡಗೆ ತಿದ್ದಿ, ಬಿರುಕು ಅಲ್ಲಿಂದಲೂ ಶುರುವಾಗುತ್ತದೆ. ಉಜ್ಜುವಾಗ ಎಳೆ ಹೊರಗೆ ಕಂಡರೆ ಪಾಲಿಷ್‌ಗೆ ಮುನ್ನ ರೆಸಿನ್‌ನಿಂದ ಮುಚ್ಚಿ, ಇಲ್ಲದಿದ್ದರೆ ನಾಲಗೆ ಗೀರುತ್ತದೆ. ಉಳಿದ ಮೋನೊಮರ್ ಇಳಿಯಲು 24 ಗಂಟೆ ನೀರಿನಲ್ಲಿಟ್ಟ ಮೇಲೇ ಕ್ಲಿನಿಕ್ಕಿಗೆ ಕಳಿಸಿ.